ಇಲ್ಲದ ಹುಡುಗಿಗೆ ಹೆಣೆದ ಸ್ವೆಟರ್

ಆ ಹುಡುಗಿ ಇರಲಿಲ್ಲ. ಹೊಳೆನರಸೀಪುರದಲ್ಲೂ ಇರಲಿಲ್ಲ, ಬೇರೆಲ್ಲೂ ಇರಲಿಲ್ಲ. ತೊಂಬತ್ತೇಳರ ಡಿಸೆಂಬರಿನಲ್ಲಿ ಹಾಸನದ ಒಂದು ಸಭಾಂಗಣದಲ್ಲಿ ಮೈಕಿನ ಮುಂದೆ ನಿಂತು ನಾನೇ ಅವಳನ್ನು ಹುಟ್ಟಿಸಿದೆ. ಆಗ ನಾನು ಹತ್ತನೇ ತರಗತಿ. ಅವಳನ್ನು ಹುಟ್ಟಿಸಿದ್ದಕ್ಕೆ ನನಗೆ ಚರ್ಚಾಸ್ಪರ್ಧೆಯ ಪಾರಿತೋಷಕ ಸಿಕ್ಕಿತು. ಜಲಜಮ್ಮ ಮೇಡಂ ಅವರ ಕ್ರೋಶಾ ಕ್ಲಾಸು ಮುಚ್ಚಿಹೋಯಿತು. ಎಂಟು ವರ್ಷ ಈ ಬಗ್ಗೆ ಬಾಯಿ ಬಿಡಲಿಲ್ಲ — ಬಿಡಲಿಲ್ಲ ಎನ್ನುವುದೂ ಸುಳ್ಳೇ. ಆ ಎಂಟು ವರ್ಷವೂ ಬಾಯಿ ಬಿಟ್ಟು ಆ ಹುಡುಗಿಯನ್ನು ಬೆಳೆಸುತ್ತಲೇ ಇದ್ದೆ.

ಜಲಜಮ್ಮ ಮೇಡಂ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಕೈಕೆಲಸದ ಟೀಚರು. ದೀಪಾವಳಿ ಕಳೆದು ಹೊಳೆಯ ಕಡೆಯಿಂದ ಮಂಜು ಏಳತೊಡಗಿತೆಂದರೆ ಅವರ ಕಾಲ ಶುರು. ಸಂಜೆ ಕೊನೆಯ ಬೆಲ್ಲಾದ ಮೇಲೆ ಇಳಿಬಿಸಿಲು ಬೀಳುವ ಜಗಲಿಯಲ್ಲಿ ಮೂವತ್ತು ಹುಡುಗಿಯರು ಚಾಪೆ ಹಾಸಿ ಕೂರುತ್ತಿದ್ದರು. ಮಡಿಲಲ್ಲಿ ಉಲ್ಲನ್ ಉಂಡೆ, ಕೈಯಲ್ಲಿ ಕೊಕ್ಕೆಯ ಕಡ್ಡಿ, ನಡುವೆ ಯಾರದೋ ಮನೆಯಿಂದ ಬಂದ ಹುರಿದ ಅವರೆಕಾಳು. ಸಂಕ್ರಾಂತಿಯೊಳಗೆ ಪ್ರತಿಯೊಬ್ಬಳೂ ಯಾರಿಗಾದರೂ ಕೊಡಲು ಒಂದು ವಸ್ತು ಮುಗಿಸಬೇಕು — ಅಜ್ಜಿಗೆ ಶಾಲೋ, ತಮ್ಮನಿಗೆ ಟೋಪಿಯೋ. ತನಗೇ ಅಂತ ಹೆಣೆದುಕೊಳ್ಳುವ ಹಾಗಿಲ್ಲ. ಮೇಡಂ ಅವರದು ಅದೊಂದೇ ಕಟ್ಟುಪಾಡು.

ನನಗೆ ಕ್ರೋಶಾ ಬರಲಿಲ್ಲ. ಅಪ್ಪನಿಗೆಂದು ಹಾಕಿದ ಮಫ್ಲರು ಸಾಲಿನಿಂದ ಸಾಲಿಗೆ ಕಿರಿದಾಗಿ, ಕೊನೆಗೆ ಬಾಲದಂತೆ ಆಗಿತ್ತು. "ಲೇ, ಇದ್ಯಾರ್ಗೆ, ಓತಿಕ್ಯಾತಕ್ಕಾ?" ಎಂದು ಪಕ್ಕದವರು ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ. ಒಂದೇ ಎಳೆತಕ್ಕೆ ಅಷ್ಟನ್ನೂ ಬಿಚ್ಚಿ, ದಾರ ನನ್ನ ಕೈಗೇ ಕೊಟ್ಟು ಅಂದರು: "ಬಾಯಿ ಓಡ್ದಂಗೆ ಕೈ ಓಡಲ್ಲ ಕಣವ್ವ. ಒಸಿ ನಿಧಾನ."

ಆ ಮಾತಿನ ಸೇಡಿಗೆ ಹೀಗೆ ಮಾಡಿದೆ ಎಂದು ಹೇಳಿದರೆ ನಿಮಗೆ ಅರ್ಥವಾದೀತು. ಆದರೆ ಅಷ್ಟೂ ಇರಲಿಲ್ಲ. ಸೇಡಾದರೂ ಆಗಿದ್ದರೆ ಅವರು ನನ್ನ ಕಣ್ಣಿಗೆ ಒಬ್ಬ ವ್ಯಕ್ತಿಯಾಗಿ ಬಿದ್ದಿದ್ದರು ಎಂದಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದು ಉದಾಹರಣೆ.

ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಕೈಕೆಲಸದ ಪೀರಿಯಡ್ ಬೇಕು ಎನ್ನುವುದು ಚರ್ಚೆಯ ವಿಷಯ. ನಾನು ವಿರೋಧ. ತಯಾರಿ ಮಾಡಿಸಿದ ಕನ್ನಡ ಮೇಷ್ಟ್ರು ನನ್ನ ಬರಹ ಓದಿ ಮೂಗು ಮುರಿದರು. "ಎಲ್ಲಾ ಒಣ ವಾದ ಕಣಮ್ಮ. ಜಡ್ಜ್‌ಗಳು ಆಕಳಿಸ್ತಾರೆ. ಒಂದು ಜೀವ ತಂದು ನಿಲ್ಸು ಅಲ್ಲಿ." ತಂದು ನಿಲ್ಲಿಸಿದೆ! "ನಮ್ಮೂರಲ್ಲಿ ಒಬ್ಬ ಹುಡುಗಿಯಿದ್ದಾಳೆ. ಪುಸ್ತಕ ಹಿಡಿಯುವ ಕೈಗೆ ಕ್ರೋಶಾ ಕಡ್ಡಿ ಕೊಟ್ಟರು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಳು. ಇವತ್ತು ಕಿಟಕಿ ಪಕ್ಕ ಕೂತು ಬೇರೆಯವರ ಮನೆಗೆ ಬಾಗಿಲ ತೋರಣ ಹೆಣೆಯುತ್ತಿದ್ದಾಳೆ. ಅವಳ ಮಾನಕ್ಕಾಗಿ ಹೆಸರು ಹೇಳುವುದಿಲ್ಲ." ಇಲ್ಲದವಳ ಮಾನ ಕಾಪಾಡಿದೆ ನೋಡಿ! ಚಪ್ಪಾಳೆಯೋ ಚಪ್ಪಾಳೆ.

ಆ ಚಪ್ಪಾಳೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮೂವರು ತೀರ್ಪುಗಾರರು, ಹಾಲ್ ತುಂಬ ಓದಿಕೊಂಡವರು — ಒಬ್ಬರಾದರೂ ಕೇಳಬೇಡವೇ, ಯಾವ ಹುಡುಗಿ ಎಂದು? ಒಂದು ಅಂಕಿಸಂಖ್ಯೆ ಹೇಳಿದ್ದರೆ ಎಲ್ಲಿಂದ ತಂದೆ ಎಂದು ಎದುರು ಪಕ್ಷದವರು ಹರಿದು ತಿನ್ನುತ್ತಿದ್ದರು. ಕಣ್ಣೀರಿನ ಕಥೆ ಹೇಳಿದೆ; ಯಾರೂ ಆಧಾರ ಕೇಳಲಿಲ್ಲ. ಆದರೆ — ಇಲ್ಲಿ ನಾನೇ ನನ್ನನ್ನು ಹಿಡಿಯಬೇಕು. ಅವರು ಕೇಳಲಿಲ್ಲ ಎನ್ನುವುದು ಅವರ ತಪ್ಪು. ನಾನು ಹೇಳಿದೆ ಎನ್ನುವುದು ನನ್ನದು. ಅದನ್ನು ತೋರಿಸಿ ಇದನ್ನು ಸಣ್ಣದು ಮಾಡುವ ಆಟ ನನಗೆ ಚೆನ್ನಾಗಿ ಗೊತ್ತು.

ಮರುವಾರ ಶಾಲೆಯಲ್ಲಿ ಸನ್ಮಾನ. "ಅದೇ ಭಾಷಣ ಇನ್ನೊಂದ್ಸಲ ಹೇಳಮ್ಮ, ಪೇರೆಂಟ್ಸೆಲ್ಲ ಬಂದಿದಾರೆ" ಎಂದರು ಹೆಡ್ಮಿಸ್ಸು. ಕೊನೆಯ ಸಾಲಿನಲ್ಲಿ ಮೇಡಂ ಕೂತಿದ್ದರು, ಮಡಿಲಲ್ಲಿ ಉಲ್ಲನ್ ಚೀಲ. ನಾನು ಅವರನ್ನು ನೋಡಿದೆ. ಆ ಐದು ವಾಕ್ಯ ಬಿಟ್ಟು ಉಳಿದದ್ದನ್ನು ಹೇಳಬಹುದಿತ್ತು. ಬಿಡಲಿಲ್ಲ. ಎರಡನೇ ಸಲ ಇನ್ನೂ ಚೆನ್ನಾಗಿ ಹೇಳಿದೆ.

ಹದಿನೈದು ದಿನದಲ್ಲಿ ಜಗಲಿಯ ಚಾಪೆಗಳು ಅರ್ಧವಾದವು. ಸಂಕ್ರಾಂತಿ ಕಳೆದ ಮೇಲೆ ಹೆಡ್ಮಿಸ್ಸು ಕ್ಲಾಸನ್ನೇ ನಿಲ್ಲಿಸಿದರು. ಮಗಳ ಕೈಯಿಂದ ಕಡ್ಡಿ ಕಿತ್ತುಕೊಂಡ ತಾಯಂದಿರು ಆ ಕೈಗೆ ಪುಸ್ತಕ ಕೊಟ್ಟರೇ? ಇಲ್ಲ! ಸಂಜೆ ಬೇಗ ಬರುತ್ತಾಳಲ್ಲ ಎಂದು ಮುಸುರೆ ಪಾತ್ರೆ ಕೊಟ್ಟರು, ಸೌಟು ಕೊಟ್ಟರು. ಆ ಹುಡುಗಿಯರಿಗೆ ದಿನಕ್ಕೆ ಒಂದೂವರೆ ಗಂಟೆ ನಗಲು ಒಂದು ಜಾಗವಿತ್ತು. ಹೆಣ್ಣುಮಕ್ಕಳ ಬಿಡುಗಡೆಯ ಬಗ್ಗೆ ಮಾತಾಡಿ ನಾನು ಆ ಜಾಗವನ್ನು ಕಿತ್ತುಕೊಂಡೆ. ನನ್ನ ವಾದ ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಹೆಣ್ಣು ನೋಡಲು ಬಂದವರು ಟೀವಿಯ ಮೇಲಿನ ಕ್ರೋಶಾ ಕವರು ಎತ್ತಿ "ಇದು ನಿಮ್ಮ ಹುಡುಗಿ ಮಾಡಿದ್ದಾ?" ಎಂದು ಕೇಳುವುದು ಆಗಲೂ ಅಸಹ್ಯ, ಈಗಲೂ ಅಸಹ್ಯ. ಸರಿಯಾದ ವಾದಕ್ಕೆ ಸುಳ್ಳು ಯಾಕೆ ಬೇಕಾಯಿತು? ಗೆಲ್ಲಬೇಕಿತ್ತು, ಅಷ್ಟೇ.

ಒಂದು ಭಾನುವಾರ ಮೇಡಂ ನಮ್ಮ ಮನೆಗೆ ಬಂದರು. ಬೈಯಲು ಬಂದರು ಎಂದುಕೊಂಡು ಉತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಮ್ಮ ಕೊಟ್ಟ ಕಾಫಿ ಮುಟ್ಟದೆ ಅವರು ಕೇಳಿದ್ದು ಇಷ್ಟು: "ಆ ಹೆಣ್ಮಗ ಯಾರವ್ವ? ಎಷ್ಟ್ ಯೋಚ್ನೆ ಮಾಡುದ್ರೂ ಗೆಪ್ತಿಗೆ ಬರ್ನಿಲ್ಲ. ಹಳೇ ಹಾಜ್ರಿ ಪುಸ್ತಕ ಎಲ್ಲಾ ತೆಗ್ದು ನೋಡ್ದೆ. ಫೇಲಾದೋರು ಏಳು ಜನ ಅವ್ರೆ. ಅವ್ರಲ್ಲಿ ಯಾರು?"

ಅವರು ನಂಬಿದ್ದರು. ನನ್ನನ್ನು ಸುಳ್ಳುಗಾತಿ ಎನ್ನುವ ಯೋಚನೆಯೇ ಬಾರದೆ, ತಮ್ಮನ್ನೇ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿಕೊಂಡಿದ್ದರು. ಆಗ ಹೇಳಿಬಿಡಬೇಕಿತ್ತು. ನಾನು ಹೇಳಿದ್ದು: "ಅವಳು ಹೆಸರು ಹೇಳಬೇಡ ಅಂದಿದಾಳೆ ಮೇಡಂ."

"ಸರಿ ಬುಡು, ಎಸ್ರು ಬ್ಯಾಡ. ಎಷ್ಟೆತ್ತರ ಅವ್ಳೆ?"

"ನನ್ನಷ್ಟೇ."

ನನ್ನನ್ನು ಎದ್ದು ನಿಲ್ಲಿಸಿ, ಬೆನ್ನಿನ ಮೇಲೆ ಗೇಣು ಹಾಕಿ ಅಳತೆ ತೆಗೆದುಕೊಂಡರು. "ಕೈಗೆ ಕಡ್ಡಿ ಕೊಟ್ಟೆ, ಓದಿಕೊಂಡ್ಳಾ ಅಂತ ಕೇಳ್ನಿಲ್ಲ. ನಂದೂ ತಪ್ಪು ಅದೆ ಕಣವ್ವ." ತಿಂಗಳೊಳಗೆ ಸ್ವೆಟರ್ ಬಂತು, ನೀಲಿ ಬಣ್ಣದ್ದು. "ಅವ್ಳಿಗೆ ಕೊಟ್ಬುಡು, ಬೆಳಗ್ಗೆ ಎದ್ದು ಓದಕ್ಕೆ ಕುಂತಾಗ ಚಳಿ ಆಯ್ತದೆ. ಈ ಕವರು ನೀ ಗೆದ್ದ ಶೀಲ್ಡಿಗೆ, ಧೂಳು ಕೂರ್ಬಾರದಲ್ಲ." ತಮ್ಮ ಕ್ಲಾಸನ್ನು ಮುಚ್ಚಿಸಿದ ಶೀಲ್ಡಿಗೆ ಕ್ರೋಶಾ ಕವರು! ಹೆಡ್ಮಿಸ್ಸಿನ ಗಾಜಿನ ಬೀರುವಿನಲ್ಲಿ ಅದು ಇವತ್ತಿಗೂ ಇದೆ.

ಆಮೇಲೆ ಅವರು ಅರಕಲಗೂಡಿನ ತಂಗಿಯ ಮನೆಗೆ ಹೋಗಿ ನೆಲೆಸಿದರು. ಪ್ರತಿ ಚಳಿಗಾಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪೊಟ್ಟಣ, ಮೇಲೆ ಚೀಟಿ: "ಅವಳಿಗೆ." ಪಾಸಾದಳೇ ಎಂದು ಕಾರ್ಡು ಬರೆದು ಕೇಳಿದರು, ಪಾಸಾದಳು ಎಂದು ಬರೆದೆ. ಶಾಲು ಬಂತು. ಮದುವೆಯಾಯಿತೇ? ಆಯಿತು, ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಗೆ ಕೊಟ್ಟಿದ್ದಾರೆ. ಬಾಗಿಲ ತೋರಣ ಬಂತು. ಮಗು? ಹೆಣ್ಣು ಮಗು. ಹೋದ ವರ್ಷ ಬಂದದ್ದು ಒಂದು ಕುಲಾವಿ — ನನ್ನ ಮುಷ್ಟಿಯಷ್ಟು ದೊಡ್ಡದು, ಕಟ್ಟುವ ದಾರದ ತುದಿಗೆ ಎರಡು ಪುಟ್ಟ ಹೂವು.

ಅವರ ಸಮಾಧಾನಕ್ಕೆ ಹೇಳಿದೆ ಎನ್ನಬಹುದು. ಸಮಾಧಾನ! ನಿಜ ಹೇಳಿದ್ದರೆ ಒಂದೇ ದಿನದಲ್ಲಿ ಸಿಗುತ್ತಿದ್ದ ಸಮಾಧಾನವನ್ನು ಎಂಟು ಚಳಿಗಾಲ ಅವರ ಬೆರಳುಗಳಿಂದ ದುಡಿಸಿಕೊಂಡೆ. ಇಲ್ಲದ ಒಂದು ತಪ್ಪಿಗೆ ಅವರು ದಂಡ ಕಟ್ಟುತ್ತಿದ್ದರು. ಇದ್ದ ತಪ್ಪು ಆ ಪೊಟ್ಟಣಗಳ ಜೊತೆ ನನ್ನ ಟ್ರಂಕಿನೊಳಗೆ ನುಸಿಗುಳಿಗೆ ಹಾಕಿಸಿಕೊಂಡು ಬೆಚ್ಚಗಿತ್ತು.

ಈ ಡಿಸೆಂಬರಿನಲ್ಲಿ ಪೊಟ್ಟಣ ಬರಲಿಲ್ಲ, ಕಾರ್ಡು ಬಂತು. "ಕಾಲು ಗಟ್ಟಿಯಿರುವಾಗಲೇ ನನ್ನನ್ನು ಒಮ್ಮೆ ದಂಡಿಗನಹಳ್ಳಿಗೆ ಕರೆದುಕೊಂಡು ಹೋಗು. ಅವಳ ಕೈ ಹಿಡಿದು ತಪ್ಪಾಯಿತು ಅಂತ ಹೇಳಬೇಕು. ಮಗುವನ್ನೂ ನೋಡಿದ ಹಾಗಾಗುತ್ತದೆ."

ಮೂರು ದಿನ ಆ ಕಾರ್ಡನ್ನು ತಿರುವಿ ಹಾಕಿದೆ. ಮೊದಲ ದಿನ ನನಗೆ ಹೊಳೆದದ್ದೇನು ಗೊತ್ತೇ? ಅವಳ ಗಂಡನಿಗೆ ದೂರದ ಊರಿಗೆ ವರ್ಗವಾಯಿತು ಎಂದು ಬರೆಯುವುದು. ಅದೂ ಹೊಳೆಯಿತು, ಮುಚ್ಚಿಡುವುದಿಲ್ಲ.

ನಾಳೆ ಅರಕಲಗೂಡಿಗೆ ಹೋಗುತ್ತೇನೆ. ಇದನ್ನು ಬರೆದುಕೊಂಡದ್ದು ಏಕೆಂದರೆ ಬರಿಬಾಯಲ್ಲಿ ಹೋದರೆ ಅವರ ಬಾಗಿಲಲ್ಲೇ ನನ್ನ ನಾಲಿಗೆ ನನ್ನ ಪರ ನಿಂತುಬಿಡುತ್ತದೆ. ಮೊದಲ ಪ್ರತಿ ಅವರ ಕೈಗೆ. ಅವರು ಓದಿದ ಮೇಲೆ ಎರಡನೆಯದು ಶಾಲೆಗೆ. ಸುಳ್ಳನ್ನು ಹೇಳಿದ್ದು ಮೈಕಿನಲ್ಲಿ, ನಿಜವನ್ನು ಕಿವಿಯಲ್ಲಿ ಪಿಸುಗುಟ್ಟಿದರೆ ಸಾಲದು. ನಿಮ್ಮ ಕೈಯಲ್ಲಿರುವುದು ಮೂರನೆಯದು. ನೀಲಿ ಸ್ವೆಟರ್ ತೊಟ್ಟು ಹೋಗೋಣವೇ ಅನ್ನಿಸಿತ್ತು — ಭುಜಕ್ಕೆ ಇವತ್ತಿಗೂ ಸರಿಯಾಗಿ ಕೂರುತ್ತದೆ, ಅಳತೆ ನನ್ನದೇ ತಾನೇ. ತೊಡುವುದಿಲ್ಲ. ಅದೂ ಒಂದು ವೇದಿಕೆಯ ಆಟವಾಗುತ್ತದೆ. ಎಲ್ಲವನ್ನೂ ಮಡಚಿ ಚೀಲಕ್ಕೆ ಹಾಕಿದ್ದೇನೆ, ಕುಲಾವಿ ಮೇಲೆ.

ಮೇಡಂ, ನೀವು ಯಾರನ್ನೂ ಫೇಲು ಮಾಡಲಿಲ್ಲ. ಆ ಏಳು ಹೆಸರುಗಳಲ್ಲಿ ಅವಳಿಲ್ಲ. ಬೈಯಿರಿ, ಬಾಗಿಲು ಹಾಕಿಕೊಳ್ಳಿ, ಏನೂ ಅನ್ನದೆ ಒಳಗೆ ಹೋಗಿಬಿಡಿ — ನಾನು ಜಗಲಿಯ ಮೇಲೆ ಕೂತಿರುತ್ತೇನೆ. ಪ್ರತಿವಾದಕ್ಕೆ ಏಳುವುದಿಲ್ಲ.