ಗುರುಬಲಕ್ಕೆ ಬಂದ ಶನಿ

ನವಗ್ರಹಗಳಲ್ಲಿ ನನಗೆ ಶನಿಯ ಮೇಲೆ ಸ್ವಲ್ಪ ಪಕ್ಷಪಾತ. ಇದನ್ನು ನಮ್ಮ ಸೊಲ್ಲಾಪುರದಲ್ಲಿ ಗಟ್ಟಿಯಾಗಿ ಹೇಳುವಂತಿರಲಿಲ್ಲ. ಕಾಲು ಜಾರಿದರೆ ಶನಿ, ಮಗ್ಗದ ನೂಲು ಹರಿದರೆ ಶನಿ, ಬಂದ ನೆಂಟ ತಿಂಗಳಾದರೂ ಹೊರಡದಿದ್ದರೆ ಅವನೂ ಶನಿ. ಗುರುವಿನ ಮಾತೇ ಬೇರೆ. ಅವನು ಕಣ್ಣು ಬಿಟ್ಟರೆ ಮದುವೆ, ಮುಚ್ಚಿದರೆ ಮುಂದಿನ ವರ್ಷ.

ಐವತ್ತರ ದಶಕದ ಕೊನೆಯಲ್ಲಿ ವಿಜಾಪುರ ರಸ್ತೆಯ ಒಂದು ಮಾಳಿಗೆಯ ಮೇಲೆ ಜನರಿಗೆ ಆಕಾಶ ತೋರಿಸುವ ದೊಡ್ಡ ದುರ್ಬೀನು ಇತ್ತು. ನಿವೃತ್ತ ಮರಾಠಿ ಮಾಸ್ತರರೊಬ್ಬರು ಅದನ್ನು ನೋಡಿಕೊಳ್ಳುತ್ತಿದ್ದರು. ಮೊದಲು ಕಣ್ಣು, ಆಮೇಲೆ ಹೆಸರು ಎಂಬುದು ಅವರ ಪದ್ಧತಿ. ಕೇಳದೆ ಯಾವ ಗ್ರಹದ ಹೆಸರನ್ನೂ ಹೇಳುತ್ತಿರಲಿಲ್ಲ. ಹೆಸರು ಗೊತ್ತಾದರೆ ಜನ ಗ್ರಹ ನೋಡುವುದಿಲ್ಲ, ತಮ್ಮ ಜಾತಕ ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದರು. ನಾನೂ ತಂಗಿ ಶಾಂತಾಳೂ ಅಲ್ಲಿಗೆ ಎಷ್ಟು ಸಲ ಹೋಗಿದ್ದೆವೆಂದರೆ, ನಮ್ಮನ್ನು ಕಂಡರೆ ಮಾಸ್ತರರು "ಆಲೇ ಗ್ರಹ", ಬಂದವು ಗ್ರಹಗಳು, ಎಂದು ನಗುತ್ತಿದ್ದರು.

ಶಾಂತಾಳಿಗೆ ಆಗ ಅಕ್ಕಲಕೋಟೆ ಕಡೆಯ ಜಮೀನುದಾರ ಪಾಟೀಲರ ಮಗನ ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ. ಶಾಂತಾಳಿಗೂ ಅವನು ಮನಸ್ಸಿಗೆ ಬಂದಿದ್ದ; ನನ್ನ ಮುಂದೆ ಬಾಯಿಬಿಟ್ಟು ಹೇಳಿಯೂ ಇದ್ದಳು. ಆದರೆ ಪಾಟೀಲರು ಎಲೆ ಅಡಿಕೆ ಮುಟ್ಟದೆ ಕೂತರು.

"ಹುಡುಗಿಗಿ ಗುರುಬಲ ಇಲ್ಲಂತರಿ. ನಮ್ಮ ಶಾಸ್ತ್ರಿಗೋಳು ಬ್ಯಾಡ ಅಂದಾರ."

ಮೊದಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಗಿರಣಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ತಟ್ಟನೆ ಹೇಳಿದರು: "ಬಲದ ಮಾತ್ಯಾಕರಿ? ಗುರುನ್ನ ತೋರಸ್ತೀನಿ ಬರ್ರಿ. ಹುಡುಗಿ ಜೋಡಿ ನಿಂತು ದರ್ಶನ ತಗೋರಿ."

ದೇವರ ದರ್ಶನದಿಂದ ದೋಷ ಕಳೆಯುವುದಾದರೆ ಗ್ರಹದ ದರ್ಶನದಿಂದ ಯಾಕೆ ಕಳೆಯಬಾರದು? ಪಾಟೀಲರಿಗೂ ಇದು ಸರಿ ಕಂಡಿತು. ನಮ್ಮ ಜನ ಶಾಸ್ತ್ರಕ್ಕೆ ಜಗಳವಾಡಬಹುದು, ದರ್ಶನ ಎಂದರೆ ಎಲ್ಲರೂ ಚಪ್ಪಲಿ ಬಿಡುತ್ತಾರೆ.

ದೀಪ ಹಚ್ಚುವ ಹೊತ್ತು ದಾಟುತ್ತಲೇ ಪಾಟೀಲರು ಮಾಳಿಗೆಯ ಮೆಟ್ಟಿಲ ಬುಡದಲ್ಲಿ ನಿಜಕ್ಕೂ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತರು. ನಾನು ಮಾಸ್ತರರ ಸಲಿಗೆಯಿಂದ ಮುಂದೆ ಹೋಗಿ ಇಣುಕಿದೆ. ಕಂಡದ್ದು ಉಂಗುರ ತೊಟ್ಟ ಗ್ರಹ. ಗುರುವಿಗೆ ಮೋಡ ಕವಿದಿತ್ತು. ಮಾಸ್ತರರು ದುರ್ಬೀನನ್ನು ಶನಿಯತ್ತ ತಿರುಗಿಸಿಬಿಟ್ಟಿದ್ದರು. ಓಡಿ ಬಂದು ಅಪ್ಪನಿಗೂ ಶಾಂತಾಳಿಗೂ ಪಿಸುಗುಟ್ಟಿದೆ. ಸಾಲು ಬಿಟ್ಟು ಹೊರಡೋಣವೆಂದರೆ ಹಿಂದೆ ಮೆಟ್ಟಿಲ ತನಕ ಜನ.

"ಸುಮ್ಮಕಿರು. ಇವತ್ತಿಗಿ ಅವನೇ ಗುರು" ಎಂದರು ಅಪ್ಪ.

ಪಾಟೀಲರು ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಪಕ್ಕದಲ್ಲೇ ಮಾಸ್ತರರು, ಕೇಳಿದರೆ ಹೇಳಲು ಸಿದ್ಧರಾಗಿ. ಒಂದೇ ಒಂದು ಪ್ರಶ್ನೆ ಬಂದರೂ ಶಾಂತಾಳ ಮದುವೆ ಅಲ್ಲಿಗೇ ಮುಗಿಯಿತು. ಶನಿಯ ಮೇಲಿನ ನನ್ನ ಪಕ್ಷಪಾತವೆಲ್ಲ ಆಗ ಎಲ್ಲಿ ಹೋಗಿತ್ತೋ, ಗುರುರಾಯಾ ಕಾಪಾಡು ಎಂದು ಮೋಡಕ್ಕೇ ಕೈಮುಗಿದೆ.

ಪಾಟೀಲರು ತಲೆಯೆತ್ತಿದರು. "ಸುತ್ತಲೂ ಪ್ರಭಾವಳಿ ಅದ ನೋಡ್ರಿ. ಸಾಕ್ಷಾತ್ ಗುರು. ಶಾಸ್ತ್ರಿಗೋಳಿಗಿ ನಾ ಹೇಳ್ತೀನಿ. ನಾಳಿಗಿ ನಿಶ್ಚಯದ ಸಕ್ರಿ ಹಂಚೂಣು."

ಅಪ್ಪ ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು. ಅಷ್ಟರಲ್ಲಿ ಶಾಂತಾ ಬಾಯಿ ತೆರೆದಳು.

"ಕಾಕಾರ, ಅವ ಗುರು ಅಲ್ಲರಿ, ಶನಿ. ಗುರುಗ ಮೋಡ ಬಂದದ."

ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

"ನೀ ಹೇಳದಿದ್ರ ನನಗ ಗೊತ್ತಾಗ್ತಿದ್ದಿಲ್ಲ" ಎಂದರು ಪಾಟೀಲರು. "ಯಾಕ ಹೇಳಿದಿ?"

"ನಿಮ್ಮ ಮನ್ಯಾಗ ಇರಾಕಿ ನಾನರಿ. ದಿನಾ ಸಂಜಿಗಿ ಆಕಾಶ ನೋಡಿ ಹೆದರ್ಕೋತ ಇರಲೇನ್ರಿ?"

ಪಾಟೀಲರು ನಮ್ಮನ್ನು ದಾಟಿ ಮೆಟ್ಟಿಲಿಳಿದರು. ಹೋದರು, ಎಲ್ಲ ಮುಗಿಯಿತು ಎಂದುಕೊಂಡೆವು. ಇಣುಕಿ ನೋಡಿದರೆ ಸಾಲಿನ ತುದಿಯಲ್ಲಿ ಮತ್ತೆ ನಿಂತಿದ್ದಾರೆ, ಬರಿಗಾಲಲ್ಲಿ. ಆ ಸಾಲು ಸರಿಯುವ ತನಕ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಈ ಸಲ ಶನಿಯನ್ನು ಶನಿಯೆಂದೇ ತಿಳಿದು ನೋಡಿದರು.

"ಇಷ್ಟು ವರ್ಷ ಹೆದರಿ ಎಣ್ಣಿ ಹಾಕೀನಿ, ಮಾರಿ ನೋಡಿದ್ದಿಲ್ಲ" ಎಂದರು. "ಚೆಂದ ಅದಾನ."

"ಮತ್ತ... ಗುರುಬಲ?" ಎಂದರು ಅಪ್ಪ, ಸುಮ್ಮನಿರಲಾರದೆ.

"ಮೋಡ ಸರದ ಮ್ಯಾಲ ಅದೂ ಬರ್ತದ. ಸಕ್ರಿ ತರಸ್ರಿ."

ಮದುವೆಯ ನವಗ್ರಹ ಪೂಜೆಯಲ್ಲಿ ಶಾಸ್ತ್ರಿಗಳು ಗುರುವಿಗೆ ಧಾರಾಳವಾಗಿ ಅಕ್ಷತೆ ಹಾಕಿ, ಶನಿಯ ಹತ್ತಿರ ಬಂದಾಗ ಎರಡು ಕಾಳು ಎಳ್ಳು ಉದುರಿಸಿ ಅವಸರದಲ್ಲಿ ಮುಂದೆ ಸಾಗಿದರು. ಪಾಟೀಲರು ಅವರ ಕೈ ಹಿಡಿದು ನಿಲ್ಲಿಸಿದರು.

"ಅವನಿಗಿ ಕೈಬಿಚ್ಚಿ ಹಾಕ್ರಿ. ಈ ಸಂಬಂಧ ಕೂಡಿಸಿದಾಂವ ಅವನೇ."