ಗಾಳಿ ಫ್ಯಾನಿಗೆ ಹಾಕಿದ ರೈಟ್ ಮಾರ್ಕು

ನಿವೃತ್ತ ಮೇಷ್ಟ್ರೊಬ್ಬನನ್ನು ಗುರುತಿಸುವುದಕ್ಕೆ ಅವನ ಕೊಡೆ, ಕನ್ನಡಕ, ಕೆಮ್ಮುಗಳನ್ನು ಪರೀಕ್ಷಿಸಬೇಕಾಗಿಲ್ಲ. ಅವನು ಓದಿ ಮಡಿಸಿಟ್ಟ ದಿನಪತ್ರಿಕೆಯನ್ನು ಬಿಡಿಸಿ ನೋಡಿದರೆ ಸಾಕು. ನಮ್ಮ ಮನೆಯ ಪತ್ರಿಕೆಯ ಪ್ರತಿ ಪುಟದ ಬಲಗಡೆಯ ಕೆಳಮೂಲೆಯಲ್ಲಿ ಒಂದು ಕೆಂಪು ರೈಟ್ ಮಾರ್ಕು, ಅದರ ಪಕ್ಕದಲ್ಲಿ ಕೋಳಿ ಕೆದಕಿದಂಥ ಒಂದು ಚುಟುಕು ಸಹಿ ಇದ್ದೇ ಇರುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಜಾವಗಲ್ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಉತ್ತರಪತ್ರಿಕೆಗಳನ್ನು ತಿದ್ದಿದ ಈ ಕೈಗೆ ನಿವೃತ್ತಿಯ ಆದೇಶ ಇನ್ನೂ ತಲುಪಿಲ್ಲ. ಮದುವೆಯ ಕರೆಯೋಲೆ, ಔಷಧದ ಡಬ್ಬಿಯೊಳಗಿನ ಚೀಟಿ, ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ತುರುಕುವ ಟ್ಯೂಷನ್ ಜಾಹೀರಾತು, ಎಲ್ಲವೂ ನನ್ನಿಂದ ಉತ್ತೀರ್ಣವಾಗಿಯೇ ಕಸದ ಬುಟ್ಟಿಗೆ ಹೋಗುತ್ತವೆ. ಒಮ್ಮೆ ಪಕ್ಕದ ಬೀದಿಯ ಹಿರಿಯರೊಬ್ಬರ ವೈಕುಂಠ ಸಮಾರಾಧನೆಯ ಕಾರ್ಡನ್ನು ಓದಿ, ರೈಟ್ ಹಾಕಿ, ತಂದುಕೊಟ್ಟ ಅವರ ಮಗನ ಕೈಗೇ ಮರಳಿಸಿಬಿಟ್ಟಿದ್ದೆ. ಆ ಮನೆಯವರು ಈಗಲೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ.

ಈ ಚಾಳಿ ಬೇಲೂರಿನ ನಮ್ಮ ಮನೆಯೊಳಗೇ ಇದ್ದಿದ್ದರೆ ನಿಮ್ಮ ಸಮಯವನ್ನು ನಾನು ಹಾಳುಮಾಡುತ್ತಿರಲಿಲ್ಲ, ಓದುಗ ಮಿತ್ರರೇ. ಅದು ಹಳೇಬೀಡು ದಾಟಿ, ಜಾವಗಲ್ಲಿಗೂ ಆಚೆ ಹೋಗಿ, ನನ್ನ ಅಕ್ಕನ ಜಮೀನಿನ ಹಿಂದಿನ ಗುಡ್ಡವನ್ನು ಹತ್ತಿತು. ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಐದು ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿಕೊಂಡು, ಮಗ ಸೊಸೆಯರಿಗೆಲ್ಲ ಕೆಲಸ ಹಚ್ಚಿಕೊಂಡು ರಾಜ್ಯಭಾರ ಮಾಡುತ್ತಿರುವವಳು. ಈ ರಾಜ್ಯಕ್ಕೆ ಆಧಾರವೆಂದರೆ ಗುಡ್ಡದ ಬುಡದಲ್ಲಿರುವ ಒಂದು ಕಟ್ಟೆ. ಮಳೆ ಬಿದ್ದಾಗ ಗುಡ್ಡದ ನೀರೆಲ್ಲ ಒಂದು ಸಣ್ಣ ಹಳ್ಳವಾಗಿ ಇಳಿದು ಆ ಕಟ್ಟೆಗೆ ಬೀಳುತ್ತದೆ. ಹಸುಗಳು ಕುಡಿಯುವುದು ಆ ನೀರನ್ನೇ, ಅವುಗಳ ಹಸಿರು ಮೇವು ಬೆಳೆಯುವುದೂ ಅದರಿಂದಲೇ. ಅಕ್ಕನ ಮದುವೆಯಾದಂದಿನಿಂದ ಈ ವಿಷಯ ನನಗೆ ಗೊತ್ತು.

ಆ ಗುಡ್ಡದ ಮೇಲೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಯಂತ್ರಗಳನ್ನು ನಿಲ್ಲಿಸುತ್ತೇವೆಂದು ಕಂಪನಿಯೊಂದು ಬಂತು. ನಮ್ಮ ಕಡೆಯ ಜನ ಅದನ್ನು ಗಾಳಿ ಫ್ಯಾನು ಎನ್ನುತ್ತಾರೆ. ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟು ಕೊಡುತ್ತದೆ ಎಂದು ನಾನು ಹೋದಲ್ಲೆಲ್ಲ ಪಾಠ ಮಾಡುತ್ತಿದ್ದೆ, ಯಾರೂ ಕೇಳದಿದ್ದರೂ. ಕಂಪನಿಯ ನುಣುಪು ಕಾಗದದ ಪುಸ್ತಿಕೆಯಲ್ಲಿ ಹಸುರು ಹುಲ್ಲಿನ ಮೇಲೆ ಮಗುವೊಂದು ಓಡುತ್ತಿತ್ತು. ಅಂಥ ಹುಲ್ಲನ್ನು ಅರಸೀಕೆರೆ ತಾಲ್ಲೂಕಿನಲ್ಲಿ ದೇವೇಂದ್ರನೂ ಕಂಡಿರಲಾರ. ಹೊಗೆಯಿಲ್ಲ, ಬೂದಿಯಿಲ್ಲ, ವಿಕಿರಣವಿಲ್ಲ ಎಂದು ಇಲ್ಲಗಳನ್ನೆಲ್ಲ ಮಾಲೆ ಕಟ್ಟಿ, ಪರಿಸರದ ಮೇಲಿನ ಪರಿಣಾಮ ಎಂಬ ತಲೆಬರಹದ ಕೆಳಗೆ ಒಂದೇ ಒಂದು ಪದವನ್ನು ಅಚ್ಚು ಹಾಕಿಸಿದ್ದರು: ನಗಣ್ಯ. ಈ ಪದವನ್ನು ಟಂಕಿಸಿದ ಪುಣ್ಯಾತ್ಮನಿಗೆ ಜಗತ್ತಿನ ಕಂಪನಿಗಳೆಲ್ಲ ಸೇರಿ ಒಂದು ಗುಡಿ ಕಟ್ಟಿಸಬೇಕು. ಹದ್ದು ಫ್ಯಾನಿನ ರೆಕ್ಕೆಗೆ ಸಿಕ್ಕರೆ ನಗಣ್ಯ, ಬಾವಲಿ ಸತ್ತರೆ ನಗಣ್ಯ, ಗುಡ್ಡದ ಬೆನ್ನು ಮುರಿದರೆ ನಗಣ್ಯ. ನಾವು ಎಣಿಸಲಿಲ್ಲ ಎಂಬುದನ್ನು ಎಣಿಸುವಂಥದ್ದೇನೂ ಇರಲಿಲ್ಲ ಎಂದು ಹೇಳುವ ಕಲೆಗೆ ಸಂಸ್ಕೃತದಷ್ಟು ಒದಗಿಬರುವ ಭಾಷೆ ಬೇರೊಂದಿಲ್ಲ. ಆ ಪುಟಕ್ಕೂ ನಾನು ರೈಟ್ ಹಾಕಿದೆ.

ವಿದ್ಯುತ್ ಮಾರುಕಟ್ಟೆಯ ಬಗ್ಗೆಯೂ ಪುಸ್ತಿಕೆಯಲ್ಲೊಂದು ಪುಟವಿತ್ತು. ನಾಳೆ ಹುಟ್ಟುವ ಕರೆಂಟಿಗೆ ಇವತ್ತೇ ಹರಾಜು, ದಿನವನ್ನು ಕಾಲು ಕಾಲು ಗಂಟೆಯ ಹೋಳು ಮಾಡಿ ಹೋಳಿಗೊಂದು ದರ. ಇದನ್ನು ಅಕ್ಕನಿಗೆ ಸವಿಸ್ತಾರವಾಗಿ ವಿವರಿಸಿದಾಗ ಅವಳು ಹಾಲು ಕರೆಯುತ್ತಲೇ, "ಹಂಗಾರೆ ಬೀಸೋಕ್ ಮುಂಚೇನೇ ಗಾಳೀನ ಮಾರ್ಬುಡ್ತಾರೆ ಅನ್ನು" ಎಂದಳು. ಅರಸೀಕೆರೆಯ ಮಂಡಿಯಲ್ಲಿ ತೆಂಗಿನಕಾಯಿ ಕೊಳ್ಳುವವನು ಕೂಡ ರಾಶಿಯಿಂದ ಒಂದೆರಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾನೆ. ಇಲ್ಲಿ ಕೊಳ್ಳುವವನೂ ಮಾಲು ನೋಡಿಲ್ಲ, ಮಾರುವವನೂ ನೋಡಿಲ್ಲ, ಮಾಲು ಇನ್ನೂ ಯಾವುದೋ ಸಮುದ್ರದ ಮೇಲೆ ಅಲೆಯುತ್ತಿದೆ. ಅಕ್ಕ ಒಂದು ಮಾತಿನಲ್ಲಿ ಮುಗಿಸಿದ್ದನ್ನು ನಾನು ಅರ್ಧ ಗಂಟೆ ಬೆಳೆಸಿದೆ. ಕೊನೆಗೆ ಹಸುವೇ ಬೇಸತ್ತು ಕಾಲು ಝಾಡಿಸಿತು.

ಕಂಪನಿಗೆ ಅಕ್ಕನ ಜಮೀನೇನೂ ಬೇಕಾಗಿರಲಿಲ್ಲ. ಯಂತ್ರದ ಭಾಗಗಳನ್ನು ಹೊತ್ತ ಉದ್ದುದ್ದ ಲಾರಿಗಳು ಗುಡ್ಡ ಹತ್ತುವುದಕ್ಕೆ ಅವಳ ಬದುವಿನ ಪಕ್ಕದಲ್ಲಿ ಒಂದು ರಸ್ತೆ ಬೇಕಾಗಿತ್ತು, ಅದಕ್ಕೆ ಅವಳ ಒಪ್ಪಿಗೆಯ ಕರಾರುಪತ್ರ. ಆ ಮನೆಯಲ್ಲಿ ಒಂದು ಪದ್ಧತಿಯಿದೆ. ಯಾವ ಕಾಗದ ಬಂದರೂ ಅದು ಮೊದಲು ನನ್ನ ಕಣ್ಣಿಗೆ ಬೀಳಬೇಕು, ಅಕ್ಕನ ಸಹಿ ಆಮೇಲೆ. ಹಾಗಾಗಿ ಕರಾರಿನ ಭಾನುವಾರ ನಾನು ಬೆಳಗಿನ ಬಸ್ಸಿಗೇ ಹೋಗಿ ಕುಳಿತಿದ್ದೆ. ನನ್ನ ದುರದೃಷ್ಟಕ್ಕೆ, ಅಥವಾ ಗುಡ್ಡದ ದುರದೃಷ್ಟಕ್ಕೆ, ನನ್ನ ಷಡ್ಡಕ ಶೇಷಾದ್ರಿಯವರೂ ಜೊತೆಯಲ್ಲಿ ಬಂದಿದ್ದರು.

ಶೇಷಾದ್ರಿಯವರು ದೂರದ ಅಣುಸ್ಥಾವರವೊಂದರಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಅವರಿದ್ದದ್ದು ಅಲ್ಲಿನ ಉಗ್ರಾಣದಲ್ಲಿ, ಕೈಗವಸು ಮತ್ತು ಪೊರಕೆಗಳ ಉಸ್ತುವಾರಿಯಲ್ಲಿ. ಆದರೆ ಮಾತಿಗೆ ಕುಳಿತರೆ ಪರಮಾಣುವನ್ನು ದಿನಾ ಬೆಳಿಗ್ಗೆ ತಾವೇ ಸರಪಳಿ ಬಿಚ್ಚಿ ಮೇಯಲು ಬಿಡುತ್ತಿದ್ದವರಂತೆ ಮಾತನಾಡುತ್ತಾರೆ. ಊಟದ ಎಲೆಯ ಮುಂದೆ ನಮ್ಮಿಬ್ಬರ ಮಹಾಯುದ್ಧ ಪ್ರಾರಂಭವಾಯಿತು. ಗಾಳಿ ನಿಂತಾಗ ನಿಮ್ಮ ಫ್ಯಾನು ಏನು ಮಾಡುತ್ತದೆ ಎಂದು ಅವರು ಕೇಳಿದರು. ನಿಮ್ಮ ಉರಿದ ಇಂಧನವನ್ನು ಎಷ್ಟು ತಲೆಮಾರು ಕಾಯಬೇಕು ಎಂದು ನಾನು ಕೇಳಿದೆ. ತಮ್ಮಲ್ಲಿ ಒಂದು ತಿರುಪು ಬಿಚ್ಚಬೇಕಾದರೂ ಮೂವರು ಸಹಿ ಹಾಕಬೇಕು ಎಂದು ಅವರು ಎದೆಯುಬ್ಬಿಸಿದಾಗ, ಮೊದಲಿಬ್ಬರು ಓದಿದ್ದಾರೆಂದು ನಂಬಿ ಮೂರನೆಯವನು ಕಣ್ಣುಮುಚ್ಚಿ ಸಹಿ ಹಾಕಿದರೆ ಗತಿಯೇನು ಎಂದು ಲೇವಡಿ ಮಾಡಿದೆ. ಅವರ ಮುಖ ಕೆಂಪಾಯಿತು. ತಮ್ಮಲ್ಲಿ ಓದದೆ ಸಹಿ ಹಾಕಿದವನು ಮರುದಿನ ಗೇಟಿನಾಚೆ ಇರುತ್ತಾನೆ ಎಂದವರು ಗುಡುಗಿದ ಮೇಲೂ ನಾನು ನಗುತ್ತಲೇ ಇದ್ದೆ.

ನಗು ನಿಲ್ಲುವ ಮೊದಲೇ ಕಂಪನಿಯ ಏಜೆಂಟ್ ಬಂದ. ವಿಭೂತಿ, ಬಿಳಿ ಅಂಗಿ, ಎಲ್ಲರಿಗೂ ಒಂದೇ ಅಳತೆಯ ನಮಸ್ಕಾರ. ಕರಾರುಪತ್ರ ಹನ್ನೆರಡು ಪುಟವಿತ್ತು, ಕೊನೆಯಲ್ಲೊಂದು ರಸ್ತೆಯ ನಕ್ಷೆ. ನಾನು ಶೇಷಾದ್ರಿಯವರಿಗೆ ವಿಕಿರಣದ ಅರ್ಧಾಯುಷ್ಯವನ್ನು ಬಾಯಲ್ಲಿ ಬೋಧಿಸುತ್ತ, ಕೈಯಲ್ಲಿ ಪುಟ ಮಗುಚುತ್ತ ಹೋದೆ. ಗಾಳಿಯ ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ ಎಂಬ ಸೂತ್ರವೊಂದು ಮೂರನೆಯ ಪುಟದಲ್ಲಿ ಸಿಕ್ಕಿತು. ಅದು ಸರಿಯಾಗಿದೆಯೆಂದು ತಿಳಿದು ಪರಮಾನಂದವಾಯಿತು. ಸೂತ್ರ ಸರಿಯಿದ್ದ ಮೇಲೆ ಉಳಿದದ್ದೆಲ್ಲ ಸರಿಯಿರಲೇಬೇಕೆಂಬುದು ಮೇಷ್ಟ್ರ ತರ್ಕ. ಪುಟಪುಟಕ್ಕೂ ಕೆಂಪು ರೈಟು, ಚುಟುಕು ಸಹಿ. ನಕ್ಷೆಗೂ ಒಂದು.

"ಎಲ್ಲಾ ಓದಿದ್ಯೇನೋ?" ಎಂದು ಅಕ್ಕ ಕೇಳಿದಳು.

"ಓದಿದೆ ಕಣಕ್ಕ, ಹಾಕು" ಎಂದೆ. ಅವಳು ಹಾಕಿದಳು.

ಕೆಲವು ತಿಂಗಳಿಗೆ ಫ್ಯಾನಿನ ರೆಕ್ಕೆಗಳು ಬಂದವು. ಹಳೇಬೀಡಿನ ತಿರುವಿನಲ್ಲಿ ಅಂಥದೊಂದು ಲಾರಿ ಸಿಕ್ಕಿಕೊಂಡು, ನಮ್ಮ ಬಸ್ಸು ಅದರ ಹಿಂದೆ ನಿಂತಿತು. ಕಲ್ಲಿನ ಸೊಂಟದ ಮೇಲೆ ಕಲ್ಲಿನ ಮಣಿಗಳನ್ನು ಒಂದೊಂದಾಗಿ ಕೆತ್ತಿದ ದೇವಸ್ಥಾನದ ಗೋಡೆಯನ್ನು ನೋಡಲು ಬಂದಿದ್ದ ಪ್ರವಾಸಿಗರೆಲ್ಲ ಬೆನ್ನು ತಿರುಗಿಸಿ, ಆ ಬೋಳು ಬಿಳಿ ರೆಕ್ಕೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನೂ ಕಿಟಕಿಯಿಂದ ಕೈ ಚಾಚಿ, ಪಕ್ಕದಲ್ಲಿದ್ದವರಿಗೆ ಇದು ನಮ್ಮ ಅಕ್ಕನ ಗುಡ್ಡಕ್ಕೆ ಹೋಗುವುದು ಎಂದು ಹೇಳಿಕೊಂಡೆ, ಅವಳೇನೋ ಅದನ್ನು ಹೆತ್ತವಳು ಎಂಬಂತೆ.

ಗಾಳಿ ಬಿಟ್ಟಿ ಸಿಗುತ್ತದೆ, ನಿಜ. ಗಾಳಿಯ ಹತ್ತಿರ ಹೋಗುವ ದಾರಿ ಬಿಟ್ಟಿ ಸಿಗುವುದಿಲ್ಲ. ಲಾರಿಗಾಗಿ ಗುಡ್ಡದ ಪಕ್ಕೆಯನ್ನು ಅಗಲವಾಗಿ ಕಡಿದು, ಕಡಿದ ಮಣ್ಣನ್ನು ಹಳ್ಳಕ್ಕೆ ಅಡ್ಡವಾಗಿ ಸುರಿದು ರಸ್ತೆ ಮಾಡಿದ್ದರು. ಮೊದಲ ದೊಡ್ಡ ಮಳೆಗೆ ಆ ಮಣ್ಣಿನಲ್ಲಿ ಅರ್ಧ ಕಟ್ಟೆಯೊಳಕ್ಕೆ ಇಳಿಯಿತು. ಉಳಿದರ್ಧ ಒಡ್ಡಿನಂತೆ ನಿಂತು ಹಳ್ಳದ ನೀರನ್ನು ಬೇರೆ ದಿಕ್ಕಿಗೆ ತಿರುಗಿಸಿತು. ನಾನು ಹೋಗಿ ನೋಡಿದಾಗ ಕಟ್ಟೆಯಲ್ಲಿ ನೀರಿರಲಿಲ್ಲ, ಕೆಂಪು ಕೆಸರಿತ್ತು. ಒಂದು ಹಸು ಮೂತಿಯಿಟ್ಟು, ತೆಗೆದು, ಅಕ್ಕನ ಮುಖ ನೋಡಿತು. ನೀರು ಹೀಗೇ ಆದರೆ ಹಬ್ಬದೊಳಗೆ ಮೂರು ಹಸು ಮಾರಬೇಕಾಗುತ್ತದೆ ಎಂದಷ್ಟೇ ಅಕ್ಕ ಹೇಳಿದಳು. ಪಕ್ಷಿಗಳ ಬಗ್ಗೆ, ವಿಕಿರಣದ ಬಗ್ಗೆ, ಹರಾಜಿನ ಬಗ್ಗೆ ವಾದಿಸಿ ಗೆದ್ದ ಇಬ್ಬರು ವಿದ್ವಾಂಸರಿಗೂ ರಸ್ತೆಯ ಯೋಚನೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಆದರೂ ಬಾಯಿಬಿಟ್ಟು ಹೇಳಲಿಲ್ಲ. ಬಯ್ಯುವುದಕ್ಕೆ ಕಂಪನಿಯಿತ್ತಲ್ಲ, ಅದನ್ನು ಬೈದೆ.

ಊರಿನವರ ಒತ್ತಾಯಕ್ಕೆ ಶಾಲೆಯ ಜಗಲಿಯ ಮೇಲೆ ಒಂದು ಸಭೆಯಾಯಿತು. ಅದೇ ಏಜೆಂಟ್, ಅದೇ ನಮಸ್ಕಾರ. ಅವನು ಕರಾರುಪತ್ರವನ್ನು ಎತ್ತಿ ಹಿಡಿದು ಪುಟಗಳನ್ನು ಜನರತ್ತ ತಿರುಗಿಸಿದ. ನೋಡಿ, ನಿಮ್ಮ ಮೇಷ್ಟ್ರೇ ಪ್ರತಿ ಪುಟ ಓದಿ ಪರಿಶೀಲಿಸಿದ್ದಾರೆ, ನಕ್ಷೆಯನ್ನೂ ಒಪ್ಪಿದ್ದಾರೆ, ತಕರಾರಿಗೆ ಆಸ್ಪದವಿದ್ದಿದ್ದರೆ ಇಂಥ ವಿದ್ಯಾವಂತರಿಗೆ ಕಾಣದೆ ಇರುತ್ತಿತ್ತೇ ಎಂದ. ಜಗಲಿಯ ತುಂಬ ನನ್ನ ಹಳೆಯ ವಿದ್ಯಾರ್ಥಿಗಳೇ. ಮೇಷ್ಟ್ರು ರೈಟ್ ಹಾಕಿದ ಮೇಲೆ ಮಾತೇನಿದೆ ಎಂದು ಒಬ್ಬೊಬ್ಬರೇ ತಲೆ ತಗ್ಗಿಸಿದರು. ಅಷ್ಟು ಗೌರವವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ, ಅಷ್ಟು ಅಸಹ್ಯವೂ ಆಗಿರಲಿಲ್ಲ. ಅಕ್ಕ ನನ್ನ ಕಡೆ ನೋಡಲಿಲ್ಲ; ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು.

ನಾನು ಎದ್ದು ನಿಂತೆ. "ಅದು ನನ್ನ ಅಭ್ಯಾಸ. ನಾನು ಓದಲಿಲ್ಲ. ಓದದೇ ರೈಟ್ ಹಾಕಿದೆ" ಎಂದೆ.

ಹಿಂದಿನ ಸಾಲಿನಿಂದ ಪಂಚಾಯಿತಿ ಮೆಂಬರ್ ರಂಗಸ್ವಾಮಿ ಮುಂದೆ ಬಂದು ಏಜೆಂಟನ ಕೈಯಿಂದ ಕಾಗದ ತೆಗೆದುಕೊಂಡ. ರಂಗಸ್ವಾಮಿ ನನ್ನ ವಿದ್ಯಾರ್ಥಿ. ಪರೀಕ್ಷೆಯ ವೇಳೆ ಮುಗಿದರೂ ಅರ್ಧ ಪ್ರಶ್ನೆಪತ್ರಿಕೆ ಓದುವುದರಲ್ಲೇ ಇರುತ್ತಿದ್ದವನು. ಮಂದಬುದ್ಧಿ ಎಂದು ಅವನ ಪ್ರಗತಿಪತ್ರದಲ್ಲಿ ನಾನೇ ಬರೆದಿದ್ದೆ, ಒಂಬತ್ತನೆಯ ತರಗತಿಯಲ್ಲಿ ಒಂದು ವರ್ಷ ಕೂರಿಸಿಯೂ ಇದ್ದೆ. ಅವನು ಕಾಗದ ಬಿಡಿಸುವ ಮೊದಲು ನನ್ನನ್ನೇ ನೋಡಿದ.

"ಸಾ, ನನ್ ಫೇಲ್ ಮಾಡಿದ್ರಲ್ಲ, ಆ ಪೇಪರ್ ಓದಿದ್ರಾ?"

ಓದಿದ್ದೆ ಎನ್ನಲು ನನಗೆ ಧೈರ್ಯ ಬರಲಿಲ್ಲ. "ನೆನಪಿಲ್ಲ ಕಣೋ ರಂಗಸ್ವಾಮಿ" ಎಂದು ಕುಳಿತುಕೊಂಡೆ.

ಅವನು ಮೊದಲ ಪುಟದ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತ ಹೋದ. ಏಜೆಂಟ್ ಎರಡು ಸಲ ಗಡಿಯಾರ ನೋಡಿದ. ಒಂಬತ್ತನೆಯ ಪುಟದ ನಡುವೆ ಬೆರಳು ನಿಂತಿತು. ರಸ್ತೆಯಿಂದ ಹಳ್ಳಕೊಳ್ಳಗಳ ಸ್ವಾಭಾವಿಕ ಹರಿವಿಗೆ ತಡೆಯುಂಟಾದಲ್ಲಿ ಕಂಪನಿಯೇ ಸ್ವಂತ ಖರ್ಚಿನಿಂದ ಮೋರಿ ನಿರ್ಮಿಸಿಕೊಡತಕ್ಕದ್ದು ಎಂದು ಅಲ್ಲಿ ಸ್ಪಷ್ಟ ಕನ್ನಡದಲ್ಲಿ ಬರೆದಿತ್ತು. ಆ ಪುಟದ ಕೆಳಮೂಲೆಯಲ್ಲೂ ನನ್ನ ಕೆಂಪು ರೈಟು ಇತ್ತು. ರಂಗಸ್ವಾಮಿ ಅದೊಂದು ವಾಕ್ಯವನ್ನು ಮೂರು ಸಲ ಓದಿದ, ಮೂರನೆಯ ಸಲ ಏಜೆಂಟನ ಕೈಯಲ್ಲೂ ಓದಿಸಿದ.

ಮೋರಿ ಆಯಿತು. ಹೂಳೆತ್ತಿಸಲು ಇನ್ನೆರಡು ಸಲ ಬೆನ್ನು ಹತ್ತಬೇಕಾಯಿತು, ಆದರೆ ಹಿಂಗಾರಿನಲ್ಲಿ ಹಳ್ಳ ಹಳೆಯ ದಾರಿಗೆ ಬಿದ್ದು ಕಟ್ಟೆ ಮುಕ್ಕಾಲು ತುಂಬಿತು. ಐದು ಹಸುಗಳೂ ಕೊಟ್ಟಿಗೆಯಲ್ಲೇ ಇವೆ. ಗುಡ್ಡದ ಮೇಲೆ ಫ್ಯಾನುಗಳು ಗಂಭೀರವಾಗಿ ತಿರುಗುತ್ತವೆ, ಕಾಲು ಗಂಟೆಗೊಂದು ದರಕ್ಕೆ. ಶೇಷಾದ್ರಿಯವರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಗೇಟಿನಾಚೆಗೆ ಸ್ವಾಗತ ಎಂದರು.

ಮೊನ್ನೆ ಜಾವಗಲ್ ಬಸ್ಸಿಳಿದು ಅಕ್ಕನ ಮನೆಗೆ ಹೋದಾಗ ಕಂಪನಿಯಿಂದ ಇನ್ನೊಂದು ಕಾಗದ ಬಂದಿತ್ತು, ತಂತಿಯ ಕಂಬಗಳ ವಿಷಯಕ್ಕೆ. ಜಗಲಿಯ ಮೇಲೆ ರಂಗಸ್ವಾಮಿ ಕುಳಿತು, ಅಕ್ಷರದ ಕೆಳಗೆ ಬೆರಳಿಟ್ಟು, ಅಕ್ಕನಿಗೆ ಓದಿ ಹೇಳುತ್ತಿದ್ದ. ಒಂದು ಗಂಟೆಯಾದರೂ ಎರಡನೆಯ ಪುಟ ಮುಗಿದಿರಲಿಲ್ಲ. ನಾನು ಪಕ್ಕದಲ್ಲೇ ಕುಳಿತಿದ್ದೆ, ಕನ್ನಡಕವನ್ನೂ ಹಾಕಿಕೊಂಡಿದ್ದೆ. ಅಕ್ಕ ಎದ್ದು ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟಳು, ಸಕ್ಕರೆ ಸಾಕಾ ಎಂದು ಕೇಳಿದಳು, ತಿರುಗಿ ಹೋಗಿ ರಂಗಸ್ವಾಮಿಯ ಎದುರು ಕುಳಿತಳು.