ಹಿಂದಿನ ಸೀಟಿನ ಮನುವೆಲ್

ಬಾಲ್ಬಿನಕ್ಕನಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಒಬ್ಬ ಪ್ರಿಯಕರ ಸಿಕ್ಕಿದ್ದಾನೆ, ಅವನು ಸದಾ ಕುಡಿದಿರುತ್ತಾನೆ ಎಂಬ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ನಾನೇ. ಸುಳ್ಳು ಹೇಳಲಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳಿದೆ. ಆ ವರ್ಷದ ಮೇ ತಿಂಗಳಲ್ಲಿ ಪ್ರತಿ ಭಾನುವಾರ, ಊರೆಲ್ಲ ಇಗರ್ಜಿಯೊಳಗಿರುವ ಹೊತ್ತಿಗೆ ಸರಿಯಾಗಿ, ಅವಳ ಹಳೆಯ ಕೆಂಪು ಬೈಕು ನನ್ನ ಔಷಧಿ ಅಂಗಡಿಯ ಮುಂದೆ ಹಾದುಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಹಾಕಿದ ಒಬ್ಬ ಆಸಾಮಿ. ತಲೆ ಅವಳ ಬೆನ್ನಿಗೆ ಒರಗಿರುತ್ತಿತ್ತು. ತಿರುವು ಬಂದಾಗ ಅವನು ಒಂದು ಪಕ್ಕಕ್ಕೆ ಜೋತುಬೀಳುತ್ತಿದ್ದ. ಅವಳು ಹಿಂದಕ್ಕೆ ತಿರುಗಿ ಬೈಯುತ್ತಿದ್ದಳು. ಅವನು ಒಂದು ದಿನವೂ ಎದುರು ಮಾತಾಡಿದ್ದನ್ನು ನಾನು ಕಾಣೆ. ಇಷ್ಟು ಒಳ್ಳೆಯ ಗಂಡಸು ನಮ್ಮ ಕರಾವಳಿಯಲ್ಲಿ ಎಲ್ಲಿ ಸಿಕ್ಕಿದ ಎಂಬ ಕುತೂಹಲ ತಡೆಯದೆ, ನಾಲ್ಕನೆಯ ಭಾನುವಾರ ನಾನೂ ಬೈಕು ಹತ್ತಿ ಬೆನ್ನು ಹತ್ತಿದೆ.

ಅಲೆತಡೆ ಗೋಡೆಯ ಕೊನೆಯಲ್ಲಿ ಅವಳು ಅವನನ್ನು ಇಳಿಸಿ ನೆಲದ ಮೇಲೆ ಮಲಗಿಸಿದ್ದಳು. ಹೆಲ್ಮೆಟ್ ಕಳಚಿದರೆ ಒಳಗೆ ತಲೆಯಿರಲಿಲ್ಲ. ಗೋಣಿಚೀಲದ ಗಂಟಿತ್ತು.

"ಏನಕ್ಕಾ ಇದು?"

"ಮರಳು. ಕಣ್ಣಿಗೆ ಹಾಕೋ ಔಷಧಿ ಮಾರ್ತೀಯಲ್ಲ, ಎರಡು ತೊಟ್ಟು ನೀನೂ ಹಾಕ್ಕೋ."

"ಮರಳಿಗೆ ಹೆಲ್ಮೆಟ್ ಯಾಕೆ?"

"ಅಭ್ಯಾಸ ಆಗ್ಲಿ ಅಂತ. ಹಿಂದೆ ಜನ ಕೂರಿಸ್ಕೊಂಡು ಓಡ್ಸಿ ನಂಗೆ ಗೊತ್ತಿಲ್ಲ. ಈ ಬೇಸಿಗೇಲಿ ನಮ್ಮ ಮನುವೆಲ್‌ನ ಸಂತ ಆಂದ್ರೆಸ್ ಹತ್ರ ಕರ್ಕೊಂಡು ಹೋಗ್ಬೇಕು."

ಅವಳ ಅಣ್ಣ ಮನುವೆಲ್ ಸಮುದ್ರದಲ್ಲಿ ಮುಳುಗಿ ಮೂವತ್ತೆಂಟು ವರ್ಷವಾಗಿತ್ತು.

"ಸತ್ತವರಿಗೆ ತೂಕ ಇರುತ್ತಾ ಅಕ್ಕಾ?" ಅಂದೆ.

"ಹಾಸಿಗೇಲಿ ಸತ್ತವರಿಗೆ ಇರ್ಲಿಕ್ಕಿಲ್ಲ. ಇವನು ನೆಂದಿದ್ದಾನೆ," ಎಂದವಳೇ ಬಕೆಟ್ಟಿನಲ್ಲಿ ಸಮುದ್ರದ ನೀರು ಎತ್ತಿ ಚೀಲದ ಮೇಲೆ ಸುರಿದಳು. ಪ್ರಿಯಕರನ ಸುದ್ದಿಯನ್ನು ಹಿಂತೆಗೆದುಕೊಳ್ಳಲು ನನಗೆ ಎರಡು ವಾರ ಹಿಡಿಯಿತು. ನಿಜ ಸುದ್ದಿಯನ್ನು ಯಾರೂ ಅಷ್ಟು ಇಷ್ಟಪಡಲಿಲ್ಲ.

ಬಾಲ್ಬಿನಕ್ಕ ಬಂದರಿನಲ್ಲಿ ಬಲೆ ರಿಪೇರಿ ಮಾಡುವವಳು. ಬೆಳಿಗ್ಗೆ ಎಂಟರಿಂದ ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ, ಹರಿದ ಬಲೆಯ ಒಂದು ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿ ಎಳೆದುಕೊಂಡು, ದಾರದ ಸೂಜಿಯನ್ನು ಮೀನಿನಂತೆ ಓಡಿಸುತ್ತಾಳೆ. ದೋಣಿಗಳನ್ನು ನುಂಗುವ ನಮ್ಮ ತೀರಕ್ಕೆ ಮರಣದ ಕರಾವಳಿ ಎಂದು ಹೆಸರು. ಬೇರೆಯವರು ಆ ಹೆಸರು ಕೇಳಿ ಫೋಟೊ ತೆಗೆಯಲು ಬರುತ್ತಾರೆ; ನಮಗದು ವಿಳಾಸ. ಬೈಕು ಮನುವೆಲ್‌ನದು. ಕೊಂಡು ಹನ್ನೊಂದು ತಿಂಗಳು ಓಡಿಸಿದ, ಹನ್ನೆರಡನೆಯ ತಿಂಗಳು ದೋಣಿ ಮುಳುಗಿತು, ಹೆಣ ಸಿಗಲಿಲ್ಲ. ಬಲೆಗಳ ಕೊಟ್ಟಿಗೆಯಲ್ಲಿ ಹದಿನಾರು ವರ್ಷ ನಿಂತಿದ್ದ ಬೈಕನ್ನು ಅವಳು ನಲವತ್ತನೆಯ ವಯಸ್ಸಿನಲ್ಲಿ ಓಡಿಸಲು ಕಲಿತಳು.

ಕೊಟ್ಟಿಗೆಯಲ್ಲಿ ಇನ್ನೊಂದು ಜೀವವೂ ಇತ್ತು. ಒಂದು ಓತಿಕ್ಯಾತ. ಪ್ರತಿ ಬೇಸಿಗೆಯಲ್ಲಿ ಬೈಕಿನ ಸೀಟಿನ ಮೇಲೆ ಬಂದು ಬಿಸಿಲಿಗೆ ಮೈ ಕಾಯಿಸುತ್ತ ಕೂರುತ್ತಿತ್ತು. ಒಮ್ಮೆ ಅವಳು ಬಾಗಿಲು ಹಾಕುವಾಗ ಅದರ ಬಾಲ ಸಿಕ್ಕಿ ತುಂಡಾಗಿ, ಮತ್ತೆ ಮೊಂಡಾಗಿ ಬೆಳೆದಿತ್ತು. ಅದನ್ನು ಓಡಿಸಲು ಹೋದ ಹುಡುಗರಿಗೆ ಅವಳಿಂದ ಏಟು ಬೀಳುತ್ತಿತ್ತು. ಆ ವರ್ಷ ಮಾತ್ರ ಅದು ಬರಲಿಲ್ಲ. ಅವಳು ಸೀಟಿನ ಮೇಲೆ ಕೈಯಾಡಿಸಿ ನೋಡಿ, ಮರಳು ತುಂಬಲು ಹೋದಳು.

ಏಟು ಯಾಕೆಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಉತ್ತರದಲ್ಲಿ, ಬಂಡೆಯ ಅಂಚಿನ ತೆಯ್ಶಿದೊ ಹಳ್ಳಿಯಲ್ಲಿ, ಸಂತ ಆಂದ್ರೆಸ್‌ನ ಇಗರ್ಜಿ ಇದೆ. ಬದುಕಿದ್ದಾಗ ಅಲ್ಲಿಗೆ ಹೋಗದವನು ಸತ್ತ ಮೇಲೆ ಹೋಗಲೇಬೇಕು: ಹಾವಾಗಿ, ಕಪ್ಪೆಯಾಗಿ, ಓತಿಕ್ಯಾತವಾಗಿ, ತೆವಳಿಕೊಂಡಾದರೂ. ಮನೆಯವರಿಗೆ ಕರುಣೆಯಿದ್ದರೆ ಸಮಾಧಿಯ ಮುಂದೆ ನಿಂತು ಹೆಸರು ಹಿಡಿದು ಕರೆದು, ಬಸ್ಸಿನಲ್ಲಿ ಅವರಿಗೂ ಒಂದು ಟಿಕೆಟ್ ತೆಗೆದು, ಪಕ್ಕದ ಖಾಲಿ ಸೀಟಿನೊಡನೆ ದಾರಿಯುದ್ದಕ್ಕೂ ಮಾತಾಡುತ್ತ ಕರೆದೊಯ್ಯುತ್ತಾರೆ. ಬಾಲ್ಬಿನಕ್ಕನೂ ಒಮ್ಮೆ ಹೆಣವಿಲ್ಲದ ಸಮಾಧಿಯ ಮುಂದೆ ಅಣ್ಣನನ್ನು ಕರೆದು ಎರಡು ಟಿಕೆಟ್ ತೆಗೆದಿದ್ದಳು. ಅವನು ಬರಲಿಲ್ಲ. ಹೇಗೆ ಗೊತ್ತಾಯಿತೆಂದರೆ, "ಸೀಟು ಒಣಗಿತ್ತು," ಅಂದಳು. ಬಸ್ಸಿಗೆ ಬಾರದವನು ತನ್ನದೇ ಬೈಕಿಗೆ ಬಂದಾನು ಎಂಬುದು ಅವಳ ಕೊನೆಯ ಲೆಕ್ಕಾಚಾರ. ಕೊನೆಯದು ಏಕೆಂದರೆ ಅವಳ ಕಣ್ಣು ಮಂಜಾಗುತ್ತಿತ್ತು. ಸೆಪ್ಟೆಂಬರಿನಲ್ಲಿ ಲೈಸೆನ್ಸ್ ಮುಗಿಯುತ್ತದೆ, ಮತ್ತೆ ಸಹಿ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಈ ಬೇಸಿಗೆ ತಪ್ಪಿದರೆ ಅಣ್ಣ ತೆವಳಬೇಕು.

ಹಾಗಾಗಿ ಜೂನಿನ ಮೊದಲ ಶನಿವಾರ ಮಧ್ಯಾಹ್ನ ನಮ್ಮ ಬೈಕು ಸಂಘದ ಬೇಸಿಗೆ ಪ್ರವಾಸದ ಸಭೆಗೆ ಅವಳು ಮೊದಲ ಸಲ ಬಂದಳು. ಸಭೆ ನಡೆಯುವುದು ಒಬ್ದೂಲಿಯಾಳ ಹೋಟೆಲಿನಲ್ಲಿ. ಅಧ್ಯಕ್ಷರು ದೊನ್ ಎಲಾದಿಯೊ, ಬಂದರು ಕಚೇರಿಯಿಂದ ನಿವೃತ್ತರಾದವರು, ಆದರೆ ಆ ಸಂಗತಿ ಇನ್ನೂ ಅವರ ಗಮನಕ್ಕೆ ಬಂದಿಲ್ಲ. ನಾನು ಕಾರ್ಯದರ್ಶಿ, ಅಂದರೆ ಅವರು ಕೆಮ್ಮಿದ್ದನ್ನೂ ಬರೆದುಕೊಳ್ಳುವವನು. ನಕ್ಷೆ ಹಾರದಂತೆ ನಾಲ್ಕು ಮೂಲೆಗೂ ಬೇಯಿಸಿದ ಅಷ್ಟಪಾದಿಯ ತಟ್ಟೆ ಇಟ್ಟು ಅವರು ಓದಿದರು: "ಒಂಬತ್ತು ಬೈಕು. ನಾಲ್ಕು ದಿನ. ಕಡಲಂಚಿನ ಏಳು ದೀಪಸ್ತಂಭ. ಸೂರ್ಯಾಸ್ತ ವೀಕ್ಷಣೆ ದಿನಕ್ಕೆ ಹನ್ನೆರಡು ನಿಮಿಷ, ಭಾವಪರವಶತೆಯೂ ಸೇರಿ." ಹಿಂದಿನ ವರ್ಷ ಸೂರ್ಯ ನಾಲ್ಕು ನಿಮಿಷ ತಡಮಾಡಿದ್ದಕ್ಕೆ ನಾವು ಅವನನ್ನು ಬಿಟ್ಟು ಹೊರಟಿದ್ದೆವು.

"ತೆಯ್ಶಿದೊ ಸೇರಿಸಿ ಅಧ್ಯಕ್ಷರೇ," ಎಂದಳು ಬಾಲ್ಬಿನಕ್ಕ. "ನನ್ನ ಹೆಸರಿನ ಮುಂದೆ ಇಬ್ರು ಅಂತ ಬರ್ಕೊಳ್ಳಿ."

ಹಿಂದೆ ಕೂರುವವರಿಗೆ ಬೇರೆ ನಮೂನೆಯಿತ್ತು. ದೊನ್ ಎಲಾದಿಯೊ ಕನ್ನಡಕ ಏರಿಸಿದರು. "ಹೆಸರು?"

"ಕಮ್ಮಾರರ ಮನೆ ಮನುವೆಲ್."

"ಮನೆತನದ ಅಡ್ಡಹೆಸರಿಗೆಲ್ಲ ಇದ್ರಲ್ಲಿ ಜಾಗ ಇಲ್ಲ. ದಾಖಲೆಯಲ್ಲಿರೋ ಹೆಸರು ಹೇಳಿ."

"ಮನುವೆಲ್ ಲೇಮಾ."

ಲೋಟ ಒರೆಸುತ್ತಿದ್ದ ಒಬ್ದೂಲಿಯಾ ಅಲ್ಲಿಂದಲೇ ಕೂಗಿದಳು: "ಬರೀ ಹಾಗೆ ಬರೀಬೇಡ್ರೀ! ನಮ್ಮೂರಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದ್ರೆ ಯಾವುದಾದ್ರೂ ಮನುವೆಲ್ ಲೇಮಾಗೇ ಬೀಳುತ್ತೆ. ನಮ್ಮಪ್ಪನೂ ಒಬ್ಬ."

"ಸರ್ಕಾರಿ ಹೆಸರು ಸರ್ಕಾರಿ ಹೆಸರೇ. ವಯಸ್ಸು?"

"ಇಪ್ಪತ್ತಾರು."

"ನನ್ನ ಲೆಕ್ಕದಲ್ಲಿ ಅರವತ್ತನಾಲ್ಕು."

"ನಿಮ್ಮ ಲೆಕ್ಕ ಓಡ್ತಾ ಇದೆ. ಅವನದು ನಿಂತಿದೆ."

"ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸ್ಬೇಕು?"

"ಅವನಿಗೆ ಇನ್ಯಾವ ತುರ್ತು ಬರುತ್ತೆ ಅಧ್ಯಕ್ಷರೇ?"

"ಹಿಂದೆ ಕೂತ ಅನುಭವ?"

"ಇಲ್ಲ. ನಾನೇ ಅವನ ಹಿಂದೆ ಕೂರ್ತಿದ್ದೆ. ಹುಚ್ಚಾಪಟ್ಟೆ ಓಡ್ಸೋನು. ತಿರುವು ಬಂದಾಗೆಲ್ಲ ಅವನ ಹೆಲ್ಮೆಟ್ ಮೇಲೆ ಕುಟ್ತಿದ್ದೆ, ಬಲಕ್ಕೆ ಒಂದು, ಎಡಕ್ಕೆ ಎರಡು. 'ಒಂದಲ್ಲ ಒಂದಿನ ನಿನ್ನ ಹಿಂದೆ ಕೂತು ಹೀಗೇ ಕುಟ್ತೀನಿ ನೋಡ್ತಿರು' ಅಂತಿದ್ದ."

ತೆಯ್ಶಿದೊ ದಾರಿಯಲ್ಲಿ ಹುಳ ಹುಪ್ಪಟೆಯನ್ನೂ ಸಾಯಿಸುವಂತಿಲ್ಲ, ಅದು ಯಾರೋ ಯಾತ್ರಿಕ. ಆದ್ದರಿಂದ ಬೈಕು ಎತ್ತಿನಗಾಡಿಯಂತೆ ಹೋಗಬೇಕು. ಎರಡು ಸೂರ್ಯಾಸ್ತ ಖೋತಾ ಎಂದು ಅಧ್ಯಕ್ಷರು ಮತಕ್ಕೆ ಹಾಕಿದರು. ಸತ್ತವನ ವಿರುದ್ಧ ಕೈಯೆತ್ತುವ ಧೈರ್ಯ ಯಾರಿಗಿದೆ? ಅವರೂ ತಟಸ್ಥರಾಗಿ ಉಳಿದು, ತಟಸ್ಥರಾಗಿದ್ದನ್ನು ಎರಡು ಸಲ ಬರೆಸಿದರು.

ಜುಲೈ ಎರಡನೆಯ ವಾರ, ನಮ್ಮಲ್ಲಿ ನಡುಬೇಸಿಗೆ, ಸಮುದ್ರದ ದೊಡ್ಡ ಇಳಿತದ ದಿನ, ಬೆಳಿಗ್ಗೆ ಏಳಕ್ಕೆ ದೋಣಿ ಎಳೆಯುವ ಇಳಿಜಾರಿನಲ್ಲಿ ಒಂಬತ್ತು ಬೈಕು ಸಾಲಾಗಿ ನಿಂತವು. "ನಾನು ಕರೆಯೋ ತನಕ ಯಾರೂ ಹೆಸರೆತ್ತಬೇಡಿ," ಎಂದು ಹೇಳಿ ಬಾಲ್ಬಿನಕ್ಕ ಬೂಟು ಕಳಚಿ ಮೊಣಕಾಲುದ್ದ ನೀರಿಗಿಳಿದಳು. ಆದರೆ ಏಳು ಗಂಟೆಗೆ ಹಾಜರಿ ಎಂದು ಕಾರ್ಯಸೂಚಿಯಲ್ಲಿತ್ತು. ದೊನ್ ಎಲಾದಿಯೊ ಕೈಮೈಕು ಬಾಯಿಗೆ ಹಿಡಿದು ಒಂಬತ್ತೂ ಹೆಸರು ಓದಿ, ಹಾಳೆ ತಿರುವಿ, ಕೊಲ್ಲಿಯುದ್ದಕ್ಕೂ ಮೊಳಗುವಂತೆ ಕೂಗಿದರು: "ಮನುವೆಲ್ ಲೇಮಾ!" ಉತ್ತರ ಬಾರದಿದ್ದರೆ ಮೂರು ಸಲ ಕೂಗಬೇಕೆಂಬುದು ಅವರದೇ ನಿಯಮ. ಮೂರು ಸಲ ಕೂಗಿದರು.

ಕಡಲಹಕ್ಕಿಗಳು ಸುಮ್ಮನಾದವು. ನೀರು ಇನ್ನಷ್ಟು ಹಿಂದಕ್ಕೆ ಸರಿಯಿತು. ಆಮೇಲೆ ಇಳಿಜಾರಿನ ಕಲ್ಲಿನ ಮೇಲೆ ಪಚ್ ಪಚ್ ಎಂದು ಸದ್ದು, ಬರಿಗಾಲಿನದು, ಒಂದೇ ಜೋಡಿಯದಲ್ಲ. ಮೊದಲು ಬೇಕರಿಯ ಶುರ್ಶೊನ ಬೈಕಿನ ಹಿಂಬದಿ ಮೆಲ್ಲನೆ ಕುಸಿಯಿತು, ಯಾರೋ ಸುಸ್ತಾದವನು ಕೂತ ಹಾಗೆ. ಆಮೇಲೆ ಅವನ ಪಕ್ಕದ್ದು. ಅದರ ಪಕ್ಕದ್ದು. ನನ್ನದು ಕುಸಿದಾಗ ನಾನು ತಿರುಗಿ ನೋಡಲಿಲ್ಲ. ಕುತ್ತಿಗೆಯಿಂದ ಬೆನ್ನಿಗೆ ತಣ್ಣನೆಯ ಹನಿಯೊಂದು ಇಳಿಯಿತು. ಅಧ್ಯಕ್ಷರ ಹಿಂದಿನ ಸೀಟಿನಲ್ಲಿ ಕಡತಗಳ ಪೆಟ್ಟಿಗೆ ಕಟ್ಟಿತ್ತು. ಅದು ತಾನಾಗಿ ಸರಿದು ಬಿದ್ದು, ಅಂಚಿನಿಂದ ನೀರು ಸುರಿಯತೊಡಗಿತು.

"ಏನ್ ಕೆಲ್ಸ ಮಾಡಿಟ್ರಿ ಮಾರಾಯ್ರೇ!" ಬಾಲ್ಬಿನಕ್ಕ ನೀರಿನಿಂದ ಓಡಿ ಬಂದಳು. "ಈ ಕೊಲ್ಲೀಲಿ ಮುಳುಗಿದ ಮನುವೆಲ್ ಲೇಮಾಗಳು ಒಂಬತ್ತು ಜನ!"

ಕುಸಿದ ಬೈಕುಗಳನ್ನು ಅವಳು ಬೆರಳು ಮಾಡಿ ಎಣಿಸಿದಳು. ಎಂಟು. ಅವಳ ಕೆಂಪು ಬೈಕು ಮಾತ್ರ ಅಲ್ಲಾಡದೆ ನಿಂತಿತ್ತು. ಸಮುದ್ರಕ್ಕೆ ಮುಖ ಮಾಡಿ, ತಾಯಿಯ ಹೆಸರು, ಮನೆಯ ಹೆಸರು, ದೋಣಿಯ ಹೆಸರು ಎಲ್ಲ ಸೇರಿಸಿ ಅಣ್ಣನನ್ನು ಕರೆದಳು. ಸೀಟು ಒಣಗಿಯೇ ಇತ್ತು.

"ಇವ್ರನ್ನ ಇಳ್ಸೋದು ಹೇಗೆ?" ದೊನ್ ಎಲಾದಿಯೊ ಪಿಸುಗುಟ್ಟಿದರು. ಅವರು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಕರೆದು ಕೂರಿಸ್ಕೊಂಡ ಮೇಲೆ ಇಳ್ಸೋಕೆ ಆಗಲ್ಲ. ಮಾತಾಡಿಸ್ತಾ ನಡೀರಿ," ಎಂದು ಅವಳು ಬೂಟು ಹಾಕಿಕೊಂಡಳು. ಖಾಲಿ ಸೀಟಿಗೆ ಹೆಲ್ಮೆಟ್ ಕಟ್ಟಿ, ಎಲ್ಲರಿಗಿಂತ ಮುಂದೆ ಹೊರಟಳು. ಅವಳ ಬೈಕೊಂದೇ ಹಗುರವಾಗಿ ಕುಪ್ಪಳಿಸುತ್ತಿತ್ತು. ಅದನ್ನು ನೋಡಲು ನನಗೆ ಸಂಕಟವಾಯಿತು.

ದಾರಿಯಲ್ಲಿ ಏಳು ದೀಪಸ್ತಂಭಗಳೂ ಬಂದುಹೋದವು. ಯಾರೂ ಫೋಟೊ ತೆಗೆಯಲಿಲ್ಲ. ನಾನು ನನ್ನ ಮನುವೆಲ್‌ಗೆ ಈ ವರ್ಷದ ಸಾರ್ಡೀನ್ ಮೀನಿನ ಧಾರಣೆ ಹೇಳಿದೆ. ಅಧ್ಯಕ್ಷರು ತಮ್ಮವನಿಗೆ ಬಂದರು ಕಚೇರಿಯ ಹೊಸ ನಿಯಮಾವಳಿಯನ್ನು ವಿವರಿಸುತ್ತಿದ್ದರು. ಸತ್ತವನೇ ಆದರೂ ನನಗೆ ಪಾಪ ಅನ್ನಿಸಿತು.

ತೆಯ್ಶಿದೊಗೆ ಏಳೆಂಟು ಮೈಲಿ ಇರುವಾಗ, ಗುಡ್ಡದ ಬುಡದಲ್ಲಿ, ಬಾಲ್ಬಿನಕ್ಕ ಗಕ್ಕನೆ ನಿಂತಳು. ರಸ್ತೆಯ ನಡುವೆ ಒಂದು ಓತಿಕ್ಯಾತ. ಉತ್ತರಕ್ಕೆ ಮುಖ ಮಾಡಿಕೊಂಡಿತ್ತು. ಕಾಲುಗಳು ಸವೆದಿದ್ದವು, ಮೈಮೇಲೆ ದಾರಿಯ ಧೂಳು. ದೊನ್ ಎಲಾದಿಯೊ ಎರಡೂ ಕೈ ಚಾಚಿ ಸಾಲನ್ನು ತಡೆದು, "ದಾಟ್ಕೊಳ್ಳಿ ಸ್ವಾಮಿ, ನಿಧಾನವಾಗಿ," ಎಂದರು.

ಅದು ದಾಟಲಿಲ್ಲ. ಬಾಲ್ಬಿನಕ್ಕ ಕೆಳಗಿಳಿದು, ಮಂಜುಗಣ್ಣನ್ನು ಕಿರಿದು ಮಾಡಿ, ಅದರ ಮೊಂಡು ಬಾಲವನ್ನು ನೋಡಿದಳು.

"ಅಯ್ಯೋ ಮನುವೆಲ್," ಎಂದಳು. "ಇಷ್ಟು ದೂರ ನಡ್ಕೊಂಡೇ ಬಂದ್ಬಿಟ್ಯಾ? ನಾನು ಸಮುದ್ರದ ಹತ್ರ ನಿಂತು ಬಡ್ಕೊಳ್ತಿದ್ದೀನಿ. ಸ್ವಲ್ಪ ಕಾಯೋಕೆ ಏನಾಗಿತ್ತು? ಹುಟ್ಟಿದಾಗಿಂದ ಅವಸರ."

ಓತಿಕ್ಯಾತ ಅವಳ ಬೈಕಿನ ಕೆಳಗೆ ನುಸುಳಿತು. ಆಚೆ ಬದಿಯಿಂದ ಹೊರಬಂದದ್ದನ್ನು ನಾವು ಯಾರೂ ಕಾಣಲಿಲ್ಲ. ಅವಳು ಹತ್ತಿ ಕೂತಳು. ಒಂದು ಗಳಿಗೆಯ ನಂತರ ಕೆಂಪು ಬೈಕಿನ ಹಿಂಬದಿ ಕುಸಿಯಿತು. ಖಾಲಿ ಹೆಲ್ಮೆಟ್ ಕಟ್ಟಿದ್ದ ದಾರ ಬಿಚ್ಚಿಕೊಂಡು ನೇತಾಡಿತು.

ಗುಡ್ಡ ಏರುವಾಗ ಮಂಜು ಸುತ್ತಿಕೊಂಡಿತು. ಬಲಗೈ ಯಾವುದು, ಪ್ರಪಾತ ಯಾವುದು ತಿಳಿಯದಂಥ ಮಂಜು. ಒಳ್ಳೆಯ ಕಣ್ಣಿದ್ದ ನಾವೇ ಹಿಂಜರಿದೆವು. ಅವಳು ನಿಲ್ಲಲಿಲ್ಲ. ಅವಳ ಹಿಂದಿನ ದೀಪಕ್ಕೆ ಅಂಟಿಕೊಂಡಂತೆ ನಾನು ಹೋಗುತ್ತಿದ್ದೆ. ಅದಕ್ಕೇ ನನಗೆ ಕೇಳಿಸಿದ್ದು. ಟಕ್: ಬೈಕು ಬಲಕ್ಕೆ ವಾಲಿತು. ಟಕ್ ಟಕ್: ಎಡಕ್ಕೆ. ಅವಳ ಗಟ್ಟಿ ಹೆಲ್ಮೆಟ್ಟಿನ ಮೇಲೆ ಬೆರಳಗಂಟಿನ ಸದ್ದು. ಮುಂದೆ ಅವಳ ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ಅವಳು ಬೈಯುತ್ತಿದ್ದಳು, ನಗುತ್ತಿದ್ದಳು.

ಮೇಲೆ ಯಾತ್ರಿಕರು ಕಲ್ಲು ಹಾಕುವ ಗುಡ್ಡೆಯಲ್ಲಿ ನಾವು ಒಂಬತ್ತು ಜನ ಹದಿನೆಂಟು ಕಲ್ಲು ಇಟ್ಟೆವು. ಇಗರ್ಜಿಯ ಬಾಗಿಲಲ್ಲಿ ಬಿಸಿಲು ಬಂತು. ಸೀಟುಗಳು ಒಂದೊಂದಾಗಿ ಒಣಗಿದವು, ಉಪ್ಪಿನ ಬಿಳಿ ಗೆರೆಗಳು ಉಳಿದವು. ದೊನ್ ಎಲಾದಿಯೊ ವರದಿಯಲ್ಲಿ "ಹವಾಮಾನ ತೇವವಾಗಿತ್ತು" ಎಂದು ಬರೆಸಿದರು. ಹಿಂದೆ ಕೂರುವವರ ನಮೂನೆಯಲ್ಲಿ ಅಡ್ಡಹೆಸರಿಗೆ ಒಂದು ಸಾಲು ಅಂದಿನಿಂದ ಸೇರಿದೆ.

ಸೆಪ್ಟೆಂಬರಿನಲ್ಲಿ ಬಾಲ್ಬಿನಕ್ಕನ ಲೈಸೆನ್ಸ್ ಮುಗಿಯಿತು. ಬೈಕನ್ನು ಕೊಟ್ಟಿಗೆಗೆ ತಳ್ಳಿ, ಕಟ್ಟೆಯ ಮೇಲೆ ಬಲೆ ಹರಡಿ ಕೂತಿದ್ದಳು. ಕಣ್ಣಿನ ಔಷಧಿ ಕೊಡಲು ಹೋದವನು, ಬಾಯಿ ಸುಮ್ಮನಿರದೆ ಕೇಳಿಬಿಟ್ಟೆ: "ಅಲ್ಲಕ್ಕಾ, ಅಷ್ಟು ಕಷ್ಟಪಟ್ಟು ಕರ್ಕೊಂಡು ಹೋದೆ. ವಾಪಸ್ ಬರುವಾಗ ಅವನನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?"

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

"ಬಂದು ಏನ್ ಮಾಡ್ಬೇಕಿತ್ತು? ಬಲೆ ಹೆಣೀಬೇಕಿತ್ತಾ?"